ಹತ್ತು ಸಾವಿರ ಗೇಮ್ ಇರೋ ಸ್ಟಿಕ್ ತಗೊಂಡು ನಾನು ಪಟ್ಟ ಪಾಡು

ದಸರಾ ರಜೆಗೆ ದೊಡ್ಡಪ್ಪನ ಮಗ ಮನೆಗೆ ಬರ್ತೀನಿ ಅಂದಿದ್ದ, ಚಿಕ್ಕವರಿದ್ದಾಗ ಇಬ್ರೂ ಸೇರಿ ಕಾಂಟ್ರಾ ಅನ್ನೋ ವಿಡಿಯೋ ಗೇಮ್ ಆಡಿದ್ದು ನೆನಪಾಗಿ ಆನ್‌ಲೈನಲ್ಲಿ ಒಂದು ಗೇಮ್ ಸ್ಟಿಕ್ ತರಿಸ್ಬಿಟ್ಟೆ. ಟೀವಿ ಹಿಂದಿನ ಎಚ್‌ಡಿಎಂಐಗೆ ಚುಚ್ಚೋ ಒಂದು ಕಡ್ಡಿ, ಎರಡು ವೈರ್‌ಲೆಸ್ ರಿಮೋಟು (ನಮ್ಮ ಕಾಲದಲ್ಲಿ ಅದನ್ನ ರಿಮೋಟು ಅಂತಾನೇ ಕರೀತಿದ್ದಿದ್ದು), 64 ಜಿಬಿ ಕಾರ್ಡು, ಡಬ್ಬದ ಮೇಲೆ 4ಕೆ ಅಂತ ದಪ್ಪಕ್ಷರ, 10,000 ಗೇಮು, ಎಲ್ಲಾ ಸೇರಿ ಎರಡು ಸಾವಿರದೊಳಗೆ. ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಆಡಿದೋರು ನಾವು, ನಮಗೆ ಇದು ಪುಕ್ಕಟೆ ಅನ್ನಿಸದೆ ಇರುತ್ತಾ.

ಹಾಕಿದ ಮೇಲೆ ಗೊತ್ತಾಯ್ತು. ಮೊದಲ್ನೇದು, ಚಿತ್ರ. ಕಾಂಟ್ರಾ, ಮಾರಿಯೋ ಎಲ್ಲಾ ಓಡ್ತಿದ್ದ ನಿಂಟೆಂಡೋದ ಆ 8 ಬಿಟ್ ಮಿಷಿನ್ನಿನ ಚಿತ್ರ ಬರೀ 256 x 240 ಚುಕ್ಕಿ, ಚೌಕಾಕಾರದ ಹಳೇ ಟೀವಿಗೆ ಅಂತ ಮಾಡಿದ್ದು. ಈ ಕಡ್ಡಿ ಅದನ್ನ ಪೂರ್ತಿ ಅಗಲಕ್ಕೆ ಎಳೆದು ಹಾಕುತ್ತೆ, ಮಾರಿಯೋ ಒತ್ತು ಶಾವಿಗೆ ಮಣೆ ಕೆಳಗೆ ಸಿಕ್ಕವನ ತರ ಕಾಣ್ತಾನೆ. ಎರಡನೇದು ಆ 10,000. ಮಾರಿಯೋ ಒಂದೇ ಬೇರೆ ಬೇರೆ ಹೆಸರಲ್ಲಿ ಎಷ್ಟು ಸಲ ಇದೆ ಅಂತ ಎಣಿಸ್ತಾ ಹೋದೆ, ಇಪ್ಪತ್ತು ದಾಟಿದ ಮೇಲೆ ಬಿಟ್ಟೆ. ಇನ್ನೊಂದಷ್ಟು ಜಪಾನಿ ಅಕ್ಷರದವು, ಮೆನು ಎಲ್ಲಿ ಸ್ಟಾರ್ಟ್ ಎಲ್ಲಿ ಅಂತಾನೇ ಗೊತ್ತಾಗಲ್ಲ. ಲಿಸ್ಟಲ್ಲಿ ಬಾತುಕೋಳಿ ಹೊಡಿಯೋ ಡಕ್ ಹಂಟೂ ಇದೆ, ಆದ್ರೆ ಗನ್ ಎಲ್ಲಿ? ಇದ್ರೂ ಉಪಯೋಗ ಇಲ್ಲ, ಆ ಗನ್ ಒಳಗಿರೋದು ಬೆಳಕು ಹಿಡಿಯೋ ಸೆನ್ಸರು, ಟ್ರಿಗರ್ ಒತ್ತಿದ ಕೂಡ್ಲೇ ಪರದೆ ಕಪ್ಪಾಗಿ ಬಾತುಕೋಳಿ ಇದ್ದ ಜಾಗದಲ್ಲಿ ಬಿಳೀ ಚೌಕ ಬರುತ್ತೆ, ಅದು ಟ್ಯೂಬ್ ಟೀವಿಯಲ್ಲಿ ತಕ್ಷಣ ಬರೋದು, ಎಲ್‌ಇಡಿ ಟೀವಿಯಲ್ಲಿ ತಡವಾಗಿ ಬರೋದ್ರಿಂದ ಗನ್ನಿಗೆ ಸಿಗಲ್ಲ.

ಇದೆಲ್ಲಾ ಸಹಿಸ್ಕೋಬಹುದಿತ್ತು. ತಲೆ ಕೆಟ್ಟಿದ್ದು ಲ್ಯಾಗಿಗೆ, ಅಂದ್ರೆ ಬಟನ್ ಒತ್ತಿದ್ಮೇಲೆ ಪರದೇಲಿ ಆಗೋ ತಡಕ್ಕೆ. ಹಳ್ಳದ ಅಂಚಲ್ಲಿ ಜಂಪ್ ಒತ್ತಿದ್ರೆ ಅವನು ಹಳ್ಳಕ್ಕೆ ಬಿದ್ದ ಮೇಲೆ ಹಾರೋಕೆ ನೋಡ್ತಾನೆ. ಮೊದಲು ವಯಸ್ಸಾಯ್ತು ಅಂದ್ಕೊಂಡೆ. ನನ್ನ ಮಗನೂ ಅಲ್ಲೇ ಬಿದ್ದ, ಆಗ ಸ್ವಲ್ಪ ಸಮಾಧಾನ ಆಯ್ತು. ಆಮೇಲೆ ಫೋನನ್ನ ಸ್ಲೋ ಮೋಷನಲ್ಲಿ ಇಟ್ಟು, ಸೆಕೆಂಡಿಗೆ 240 ಫ್ರೇಮು, ನನ್ನ ಹೆಬ್ಬೆರಳು ಮತ್ತೆ ಟೀವಿ ಎರಡೂ ಕಾಣೋ ಹಾಗೆ ವಿಡಿಯೋ ಮಾಡಿ ಬಟನ್ ಒತ್ತಿದ್ರಿಂದ ಹಾರೋವರೆಗೆ ಫ್ರೇಮ್ ಎಣಿಸಿದೆ, ಸುಮಾರು 40. ಅಂದ್ರೆ 165 ಮಿಲಿಸೆಕೆಂಡ್ ಚಿಲ್ಲರೆ, ಗೇಮಿನ ಲೆಕ್ಕದಲ್ಲಿ (ಅದು ಸೆಕೆಂಡಿಗೆ 60) ಹತ್ತು ಫ್ರೇಮು. ಟೀವಿ ಸೆಟ್ಟಿಂಗಲ್ಲಿ ಗೇಮ್ ಮೋಡ್ ಹಾಕಿದ್ಮೇಲೆ ಫೋನಿನ ಆ 40 ಫ್ರೇಮು 26ಕ್ಕೆ ಇಳೀತು. ಹಾಗಾಗಿ ನಿಮ್ಮನೇಲೂ ಇಂಥ ಕಡ್ಡಿ ಇದ್ರೆ ಬಿಸಾಕೋ ಮೊದ್ಲು ಇದೊಂದು ಮಾಡಿ ನೋಡಿ, ತಪ್ಪೆಲ್ಲಾ ಕಡ್ಡೀದೇ ಅಲ್ಲ, ಚಿತ್ರಕ್ಕೆ ಪಾಲಿಶ್ ಹಾಕ್ತಾ ಕೂರೋ ಟೀವೀದೂ ಪಾಲಿದೆ.

ಮೂರನೇ ವಾರಕ್ಕೆ ಆ ಹೆಸರಿಲ್ಲದ ಕಾರ್ಡು ಕೆಟ್ಟೋಯ್ತು, ಆನ್ ಮಾಡಿದ್ರೆ ಲೋಗೋ ಬಂದು ಅಲ್ಲೇ ನಿಲ್ಲೋದು. ಮೊದಲ ದಿನವೇ ಕಾರ್ಡ್ ಕಿತ್ತು ಲ್ಯಾಪ್‌ಟಾಪಲ್ಲಿ ಇಮೇಜ್, ಅಂದ್ರೆ ಕಾರ್ಡಿನ ಪೂರ್ತಿ ಕಾಪಿ, ಮಾಡಿಟ್ಕೊಳ್ಳಬೇಕಿತ್ತು, ಮಾಡಿರ್ಲಿಲ್ಲ. ರಿಟರ್ನ್ ಟೈಮೂ ಮುಗಿದಿತ್ತು.

ಆಗ ಡ್ರಾಯರಲ್ಲಿ ಸುಮ್ನೆ ಬಿದ್ದಿದ್ದ ರಾಸ್ಪ್‌ಬೆರಿ ಪೈ 3 ಅನ್ನೋ ಪುಟಾಣಿ ಕಂಪ್ಯೂಟರ್ ತೆಗೆದೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿಗೆ ಹೋಗಿ ಒಳ್ಳೇ ಕಾರ್ಡು, ವೈರ್ ಇರೋ ಎರಡು ಯುಎಸ್‌ಬಿ ರಿಮೋಟು ತಂದೆ. ಪೈಯಲ್ಲಿ ಹಳೇ ಗೇಮ್ ಆಡ್ಸೋ ಸಾಫ್ಟ್‌ವೇರ್ ರೆಟ್ರೋಪೈ ಹಾಕೋದು ಕಷ್ಟ ಏನಿಲ್ಲ, ಇಮೇಜ್ ಬರ್ದು ಬೂಟ್ ಮಾಡಿದ್ರೆ ಬಟನ್ ಎಲ್ಲಾ ಅದೇ ಕೇಳ್ಕೊಂಡು ಹೋಗುತ್ತೆ. ಅದರೊಳಗೆ ಗೇಮ್ ಓಡಿಸೋ ರೆಟ್ರೋಆರ್ಚಲ್ಲಿ ಆಸ್ಪೆಕ್ಟ್ (ಚಿತ್ರದ ಅಗಲ-ಎತ್ತರದ ಲೆಕ್ಕ) ಹಳೇ ಟೀವಿ ತರ 4:3 ಮಾಡಿದೆ, ಎಫ್‌ಸಿಇಯುಎಂಎಂ ಅನ್ನೋ ಕೋರ್ (ಹಳೇ ಮಿಷಿನ್ನಿನ ತರ ನಡ್ಕೊಳ್ಳೋ ಪ್ರೋಗ್ರಾಮು) ಇಟ್ಕೊಂಡೆ, ಗೇಮನ್ನ ಮುಂದಾಗಿ ಓಡಿಸಿ ತಡ ಕಡಿಮೆ ಮಾಡೋ ರನ್ ಅಹೆಡ್ 1 ಫ್ರೇಮ್ ಹಾಕಿದೆ. ಅದೇ ಫೋನ್ ಹಿಡಿದು ಮತ್ತೆ ಎಣಿಸಿದೆ, 16 ಫ್ರೇಮು. ಮಗ ಹಳ್ಳ ದಾಟಿದ.

ಅಣ್ಣ ಬಂದ. ಕೂತ್ಕೊಂಡು ಕಾಂಟ್ರಾ ಶುರು ಮಾಡಿದ, ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ, ಬೆರಳಿಗೆ ಮರ್ತಿರ್ಲಿಲ್ಲ, 30 ಲೈಫು ಬಂತು. ಎರಡು ನಿಮಿಷ ಆಡಿ ಹೇಳ್ದ, "ಇದು ನಮ್ದಲ್ಲ ಕಣೋ, ಏನೋ ಅವಸರದಲ್ಲಿ ಓಡ್ತಿದೆ."

"ಅಣ್ಣ, ಇದೇ ಒರಿಜಿನಲ್ ಸ್ಪೀಡು."

"ಇರ್ಬಹುದು. ಹಾಡೂ ಹೀಗಿರ್ಲಿಲ್ಲ."

ಸಿಟ್ಟು ಬಂತು, ಇಷ್ಟೆಲ್ಲಾ ಮಾಡಿದ್ದೀನಿ ಅಂತ. ಆದ್ರೆ ರಾತ್ರಿ ಕೂತು ಯೋಚನೆ ಮಾಡಿದ್ರೆ ಅವನು ಹೇಳಿದ್ದೇ ಸರಿ. ನಿಂಟೆಂಡೋದು ಜಪಾನಲ್ಲಿ ಬಂದಿದ್ದು 1983ರಲ್ಲಿ, ಅಲ್ಲಿ ಟೀವಿ ಎನ್‌ಟಿಎಸ್‌ಸಿ ಅನ್ನೋ ಪದ್ಧತಿ, ಸೆಕೆಂಡಿಗೆ 60 ಸಲ ಚಿತ್ರ. ನಾವು 90ರ ದಶಕದಲ್ಲಿ ಆಡಿದ್ದು ಅದಲ್ಲ, ಅದರ ನಕಲು, ಕ್ಯಾಸೆಟ್ ತೆಗೆದು ಊದಿ ಹಾಕೋದು, ನಮ್ಮ ಟೀವಿ ಪಾಲ್ ಪದ್ಧತಿ, 50 ಸಲ. ಗೇಮು ಪ್ರತಿ ಚಿತ್ರಕ್ಕೆ ಒಂದು ಹೆಜ್ಜೆ ಅಂತ ನಡೆಯೋದ್ರಿಂದ 60ರ ಗೇಮು ನಮ್ಮನೇಲಿ 50ರಲ್ಲಿ ಓಡ್ತಿತ್ತು, ಹತ್ತತ್ರ 17 ಪರ್ಸೆಂಟ್ ನಿಧಾನ, ಹಾಡೂ ಅಷ್ಟೇ ನಿಧಾನ. ಅದೂ ಸಾಲದು ಅಂತ ಆ ನಕಲಿ ಚಿಪ್ಪುಗಳಲ್ಲಿ ಎಷ್ಟೋ ಕಡೆ ಒಂದು ತಪ್ಪಿತ್ತು, ಸೌಂಡ್ ಚಾನೆಲ್ಲಿನ 25 ಪರ್ಸೆಂಟ್ ಅಲೆ (ಪ್ರತಿ ಸುತ್ತಲ್ಲಿ ಕಾಲು ಭಾಗ ಮೇಲಿರೋದು) ಮತ್ತೆ 50 ಪರ್ಸೆಂಟ್ ಅಲೆ (ಅರ್ಧ ಭಾಗ ಮೇಲಿರೋದು) ಅದಲು ಬದಲು. ಸ್ವರ ಅದೇ, ಕಂಠ ಬೇರೆ. ಆ ತಪ್ಪನ್ನೇ ನಾವು ಹಾಡು ಅಂತ ಕಲ್ತಿದ್ವಿ.

ಮಜಾ ಏನಂದ್ರೆ ಇದಕ್ಕೂ ಆ ಕೋರಲ್ಲಿ ಸೆಟ್ಟಿಂಗ್ ಇದೆ! ರೀಜನ್ ಅನ್ನೋ ಕಡೆ ಡೆಂಡಿ ಅಂತ ಒಂದು ಆಯ್ಕೆ, ಡೆಂಡಿ ಅಂದ್ರೆ 1992ರಲ್ಲಿ ರಷ್ಯಾದಲ್ಲಿ ಬಂದ ಇಂಥದ್ದೇ ನಕಲು, ಅದೂ 50ರಲ್ಲೇ ಓಡೋದು. ಅದರ ಜೊತೆ ಆ ಅಲೆಗಳನ್ನ ಅದಲು ಬದಲು ಮಾಡೋ ಸ್ವಾಪ್ ಡ್ಯೂಟಿ ಸೈಕಲ್ಸ್ ಅಂತ ಇನ್ನೊಂದು, ಅದನ್ನೂ ಆನ್ ಮಾಡಿದೆ. ಟೀವಿಗೆ 60ರಲ್ಲೇ ಕಳಿಸಿದ್ರೆ ಚಿತ್ರ ಎಡವಿ ಎಡವಿ ಹೋಗುತ್ತೆ, ಅದಕ್ಕೆ ಪೈನ ಕಾನ್ಫಿಗ್ ಫೈಲಲ್ಲಿ ಎಚ್‌ಡಿಎಂಐ ಗ್ರೂಪ್ 1, ಮೋಡ್ 19 ಹಾಕಿದೆ, ಅದು 720ಪಿ 50 ಹರ್ಟ್ಸು. ಕಾಂಟ್ರಾ ಮೊದಲ ಲೆವೆಲ್ಲಿನ ಹಾಡು ಶುರುವಾದ ಕೂಡ್ಲೇ ಅಡುಗೆಮನೇಲಿದ್ದ ಅಣ್ಣ ಕಾಫಿ ಲೋಟ ಹಿಡ್ಕೊಂಡೇ ಹಾಲಿಗೆ ಬಂದು ನಿಂತ. ಏನೂ ಹೇಳ್ಲಿಲ್ಲ, ಎರಡನೇ ರಿಮೋಟ್ ತಗೊಂಡು ಕೂತ.

ಮಗನಿಗೆ ಮಾತ್ರ ಈ ಸ್ಪೀಡು ಬೋರು, ಅವನಿಗೆ ಅಂತ 60ರದ್ದು ಬೇರೆ ಕಾರ್ಡಲ್ಲಿ ಇಟ್ಟಿದ್ದೀನಿ. ಎರಡು ಸಾವಿರದ ಆ ಕಡ್ಡೀಲಿ ಉಪಯೋಗಕ್ಕೆ ಬಂದಿದ್ದು ಒಂದೇ, ಜೊತೆಗೆ ಕೊಟ್ಟಿದ್ದ ಗೇಣುದ್ದದ ಎಚ್‌ಡಿಎಂಐ ಕೇಬಲ್ಲು, ಅದನ್ನ ಪೈಗೆ ಹಾಕ್ಕೊಂಡಿದ್ದೀನಿ.