ಎಕ್ಸೆಲ್ ಪದೇ ಪದೇ ಮುಚ್ಚಿಕೊಳ್ತಿದೆಯಾ? ಮೊದಲು ಪ್ರಿಂಟರ್ ನೋಡಿ

ಜುಲೈ ಕೊನೆಯ ವಾರ. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಗಡಿಬಿಡಿ. ನಾನು ಕಂಪ್ಯೂಟರ್ ನೋಡಿಕೊಳ್ಳುವ ಒಂದು ಆಡಿಟರ್ ಆಫೀಸಿನಿಂದ ಬೆಳಿಗ್ಗೆ ಹತ್ತು ಗಂಟೆಗೇ ಫೋನ್ ಬಂತು. "ಸರ್, ಎಕ್ಸೆಲ್ ಮತ್ತೆ ಹೋಯ್ತು. ಫೈಲ್ ತೆರೆದ ಕೂಡಲೇ ಬೆಳ್ಳಗಾಗುತ್ತೆ, ನಾಟ್ ರೆಸ್ಪಾಂಡಿಂಗ್ ಅಂತ ಬರುತ್ತೆ. ಇನ್ನೊಂದು ಸಿಸ್ಟಮ್‌ನಲ್ಲಂತೂ ತಾನೇ ಮುಚ್ಚಿಕೊಳ್ಳುತ್ತೆ." ಅಷ್ಟರಲ್ಲಾಗಲೇ ಬೇರೆ ಯಾರೋ ಬಂದು ಎಂಎಸ್ ಆಫೀಸನ್ನು ಎರಡು ಸಲ ತೆಗೆದು ಹೊಸದಾಗಿ ಹಾಕಿದ್ದರು. ಒಂದು ಸಿಸ್ಟಮ್ಮನ್ನು ಫಾರ್ಮ್ಯಾಟ್ ಕೂಡ ಮಾಡಿದ್ದರು. ಅದು ಎರಡು ದಿನ ಚೆನ್ನಾಗಿತ್ತು. ನೆಟ್‌ವರ್ಕ್ ಪ್ರಿಂಟರ್ ಮತ್ತೆ ಸೇರಿಸಿದ ಮೇಲೆ ಅದೇ ಕಥೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗಿತ್ತು. ಜ್ವರ ಇದ್ದದ್ದು ಎಕ್ಸೆಲ್‌ಗಲ್ಲ, ಪ್ರಿಂಟರ್ ಡ್ರೈವರ್‌ಗೆ, ಅಂದರೆ ಕಂಪ್ಯೂಟರ್ ಮತ್ತು ಪ್ರಿಂಟರ್ ನಡುವೆ ಮಾತು ದಾಟಿಸುವ ತಂತ್ರಾಂಶಕ್ಕೆ. ಇಂಥ ತೊಂದರೆಯನ್ನು ಫಾರ್ಮ್ಯಾಟ್ ಮಾಡದೆ, ಹಣ ಸುರಿಯದೆ, ನೀವೇ ಹುಡುಕಿ ಸರಿಪಡಿಸಬಹುದು. ಹೇಗೆ ಅಂತ ನೋಡೋಣ.

ಪ್ರಿಂಟೇ ಕೊಟ್ಟಿಲ್ವಲ್ಲ?

ಎಲ್ಲರೂ ಕೇಳುವುದು ಇದನ್ನೇ. ಪ್ರಿಂಟ್ ಕೊಡದಿದ್ದರೂ ವರ್ಡ್ ಮತ್ತು ಎಕ್ಸೆಲ್‌ಗೆ ಪ್ರಿಂಟರ್ ಜೊತೆ ಕೆಲಸ ಇರುತ್ತದೆ. ಹಾಳೆಯ ಅಳತೆ ಎಷ್ಟು, ಅಂಚಿನಲ್ಲಿ ಎಷ್ಟು ಜಾಗ ಬಿಡಬೇಕು, ಒಂದು ಪುಟ ಎಲ್ಲಿ ಮುಗಿಯುತ್ತದೆ ಎಂಬುದನ್ನು ಅವು ಡೀಫಾಲ್ಟ್ ಪ್ರಿಂಟರ್‌ನ (ನೀವು ಬೇರೆ ಆರಿಸದಿದ್ದರೆ ವಿಂಡೋಸ್ ತಾನೇ ಬಳಸುವ ಪ್ರಿಂಟರ್‌ನ) ಡ್ರೈವರ್ ಹತ್ತಿರ ಕೇಳುತ್ತವೆ. ಎಕ್ಸೆಲ್‌ನಲ್ಲಿ ಪೇಜ್ ಲೇಔಟ್ ನೋಟ ಹಾಕಿಕೊಂಡಿದ್ದರೆ ಈ ಕೇಳಾಟ ಇನ್ನೂ ಜಾಸ್ತಿ.

ಡ್ರೈವರ್‌ನ ಒಂದಷ್ಟು ಭಾಗ ಎಕ್ಸೆಲ್‌ನ ಒಳಗೇ ಬಂದು ಕೂತು ಓಡುತ್ತದೆ. ಅದು ಎಡವಿದರೆ ಎಕ್ಸೆಲ್ಲನ್ನೂ ಎಳೆದುಕೊಂಡೇ ಬೀಳುತ್ತದೆ. ಅದು ಕ್ರ್ಯಾಶ್. ಪ್ರಿಂಟರ್ ನೆಟ್‌ವರ್ಕ್‌ನಲ್ಲಿದ್ದು ಉತ್ತರವನ್ನೇ ಕೊಡದಿದ್ದರೆ ಎಕ್ಸೆಲ್ ಕಾಯುತ್ತಾ ನಿಂತುಬಿಡುತ್ತದೆ. ಅದು ಹ್ಯಾಂಗ್. ಎರಡೂ ಬೇರೆ, ಮದ್ದೂ ಬೇರೆ. ಹಾಗಾಗಿ ನಿಮ್ಮದು ಯಾವುದು ಅಂತ ಮೊದಲು ಗಮನಿಸಿ.

ಕೆಲಸ ಶುರು ಮಾಡುವ ಮುಂಚೆ ಒಂದು ಮಾತು. ಎಕ್ಸೆಲ್‌ನಲ್ಲಿ ಫೈಲ್, ಆಪ್ಷನ್ಸ್, ಸೇವ್ ಎಂದು ಹೋದರೆ ಆಟೋರಿಕವರ್, ಅಂದರೆ ಎಕ್ಸೆಲ್ ತಾನೇ ಪ್ರತಿ ತೆಗೆದಿಡುವ ಸಮಯ 10 ನಿಮಿಷ ಎಂದು ಇರುತ್ತದೆ. ಅದನ್ನು 2 ಮಾಡಿ. ತೊಂದರೆ ಬಗೆಹರಿಯುವವರೆಗೂ ಇದು ನಿಮ್ಮ ಕೆಲಸವನ್ನು ಕಾಯುತ್ತದೆ.

ಒಂದು ನಿಮಿಷದ ಪರೀಕ್ಷೆ

ಬೇರೆ ಏನನ್ನೂ ಮುಟ್ಟುವ ಮೊದಲು ಇದನ್ನು ಮಾಡಿ. ನನ್ನ ಪ್ರಕಾರ ಇಡೀ ಲೇಖನದಲ್ಲಿ ಹೆಚ್ಚು ಬೆಲೆಯ ಹೆಜ್ಜೆ ಇದೇ.

ವರ್ಡ್, ಎಕ್ಸೆಲ್ ಎಲ್ಲ ಮುಚ್ಚಿ. ಸೆಟ್ಟಿಂಗ್ಸ್ ತೆರೆದು ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್‌ಗೆ ಹೋಗಿ. ವಿಂಡೋಸ್ 10ರಲ್ಲಿ ಇದು ಡಿವೈಸಸ್ ಒಳಗಿದೆ, 11ರಲ್ಲಿ ಬ್ಲೂಟೂತ್ ಅಂಡ್ ಡಿವೈಸಸ್ ಒಳಗೆ. ಅಲ್ಲಿ "ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡೀಫಾಲ್ಟ್ ಪ್ರಿಂಟರ್" ಅಂತ ಒಂದು ಆಯ್ಕೆ ಇರುತ್ತದೆ. ಅದನ್ನು ಆಫ್ ಮಾಡಿ. ಅದು ಆನ್ ಇದ್ದರೆ ನೀವು ಕೊನೆಯದಾಗಿ ಬಳಸಿದ ಪ್ರಿಂಟರನ್ನೇ ವಿಂಡೋಸ್ ಡೀಫಾಲ್ಟ್ ಮಾಡಿಕೊಳ್ಳುತ್ತಾ ಹೋಗುತ್ತದೆ. ಇವತ್ತು ಸರಿ, ನಾಳೆ ಕೆಟ್ಟಿತು ಎನ್ನುವ ಕಣ್ಣುಮುಚ್ಚಾಲೆಗೆ ಎಷ್ಟೋ ಸಲ ಇದೇ ಕಾರಣ.

ಈಗ ಪಟ್ಟಿಯಲ್ಲಿ "ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್" ಆರಿಸಿ ಅದನ್ನು ಡೀಫಾಲ್ಟ್ ಮಾಡಿ. ಇದು ವಿಂಡೋಸ್ ಜೊತೆಗೇ ಬರುವ ಪ್ರಿಂಟರ್. ನೆಟ್‌ವರ್ಕ್ ಬೇಡ, ಕೇಬಲ್ ಬೇಡ. ಆಮೇಲೆ ತೊಂದರೆ ಕೊಡುತ್ತಿದ್ದ ಅದೇ ಫೈಲ್ ತೆರೆಯಿರಿ. ಅರ್ಧ ದಿನ ಹೀಗೇ ಕೆಲಸ ಮಾಡಿ. ಒಂದು ಸಲವೂ ಬೀಳಲಿಲ್ಲ ಅಂದರೆ ಕಳ್ಳ ಸಿಕ್ಕಿದ ಹಾಗೇ ಲೆಕ್ಕ. ತೀರಾ ಅವಸರದ ದಿನವಾದರೆ ಇಲ್ಲಿಗೇ ನಿಲ್ಲಿಸಿ, ಫೈಲನ್ನು ಪಿಡಿಎಫ್ ಮಾಡಿ, ಇನ್ನೊಂದು ಸಿಸ್ಟಮ್‌ನಿಂದ ಪ್ರಿಂಟ್ ತೆಗೆದುಕೊಳ್ಳಿ. ಉಳಿದದ್ದನ್ನು ಶನಿವಾರ ನೋಡಿಕೊಳ್ಳಬಹುದು.

ಡೀಫಾಲ್ಟ್ ಬದಲಿಸಿದರೂ ಬೀಳುತ್ತಿದೆಯಾ? ಹಾಗಾದರೆ ಕೀಬೋರ್ಡಿನಲ್ಲಿ ಕಂಟ್ರೋಲ್ ಕೀಲಿ ಒತ್ತಿ ಹಿಡಿದು ಎಕ್ಸೆಲ್ ಐಕಾನ್ ಒತ್ತಿ. ಸೇಫ್ ಮೋಡ್‌ನಲ್ಲಿ ತೆರೆಯಲಾ ಎಂದು ಕೇಳುತ್ತದೆ, ಯೆಸ್ ಅನ್ನಿ. ಸೇಫ್ ಮೋಡ್‌ನಲ್ಲಿ ಆಡ್-ಇನ್‌ಗಳು (ಎಕ್ಸೆಲ್‌ಗೆ ಹೊರಗಿನಿಂದ ಸೇರಿಸಿದ ಪುಟ್ಟ ತಂತ್ರಾಂಶಗಳು) ಓಡುವುದಿಲ್ಲ. ಅಲ್ಲಿ ಸರಿಯಾಗಿ ನಡೆದರೆ ತಪ್ಪು ಹೆಚ್ಚಾಗಿ ಯಾವುದೋ ಆಡ್-ಇನ್‌ನದು, ಪ್ರಿಂಟರ್‌ನದಲ್ಲ. ಇದನ್ನು ನೆಟ್‌ವರ್ಕ್ ಪ್ರಿಂಟರ್ ಡೀಫಾಲ್ಟ್ ಆಗಿರುವಾಗಲೂ ಒಮ್ಮೆ ಮಾಡಿ ನೋಡಿ. ಸೇಫ್ ಮೋಡ್ ಪ್ರಿಂಟರ್ ಡ್ರೈವರನ್ನು ತಡೆಯುವುದಿಲ್ಲ. ಹಾಗಾಗಿ ಆಗಲೂ ಬಿದ್ದರೆ ಡ್ರೈವರ್ ಮೇಲಿನ ಅನುಮಾನ ಇನ್ನಷ್ಟು ಗಟ್ಟಿ.

ಒಂದೇ ಒಂದು ಎಕ್ಸೆಲ್ ಫೈಲ್ ಮಾತ್ರ ಕಾಡುತ್ತಿದ್ದರೆ ಅದು ಬೇರೆ ವಿಷಯ. ಎಕ್ಸೆಲ್ ಫೈಲ್ ತನ್ನ ಹೊಟ್ಟೆಯೊಳಗೆ ಹಿಂದೆ ಬಳಸಿದ ಪ್ರಿಂಟರ್‌ನ ಸೆಟ್ಟಿಂಗ್‌ಗಳನ್ನೂ ಇಟ್ಟುಕೊಂಡು ಓಡಾಡುತ್ತದೆ. ಯಾವ ಕಾಲದ, ಯಾವ ಆಫೀಸಿನ ಪ್ರಿಂಟರೋ! ಹೊಸ ಫೈಲ್ ತೆರೆದು, ಹಳೆಯದರ ಸೆಲ್‌ಗಳನ್ನು ಮಾತ್ರ ಆರಿಸಿ ಕಾಪಿ, ಪೇಸ್ಟ್ ಮಾಡಿ. ಇಡೀ ಶೀಟನ್ನೇ ಮೂವ್ ಮಾಡಿದರೆ ಆ ಸೆಟ್ಟಿಂಗ್‌ಗಳೂ ಬೆನ್ನಿಗೇ ಬರಬಹುದು.

ವಿಂಡೋಸ್ ಬರೆದಿಟ್ಟ ದಾಖಲೆ

ಪ್ರತಿ ಸಲ ಎಕ್ಸೆಲ್ ಬಿದ್ದಾಗಲೂ ವಿಂಡೋಸ್ ಒಂದು ಸಾಲು ಬರೆದಿಡುತ್ತದೆ. ನೋಡುವವರು ಕಡಿಮೆ ಅಷ್ಟೆ. ಸ್ಟಾರ್ಟ್‌ನಲ್ಲಿ ಈವೆಂಟ್ ವ್ಯೂವರ್ ಎಂದು ಹುಡುಕಿ ತೆರೆಯಿರಿ. ಎಡಗಡೆ ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಶನ್. ಎಕ್ಸೆಲ್ ಬಿದ್ದ ಹೊತ್ತಿನ ಹತ್ತಿರ ಕೆಂಪು ಗುರುತಿನ ಸಾಲು ಹುಡುಕಿ. ಈವೆಂಟ್ ಐಡಿ 1000 ಎಂದಿದ್ದರೆ ಕ್ರ್ಯಾಶ್, 1002 ಎಂದಿದ್ದರೆ ಹ್ಯಾಂಗ್.

1000 ಇರುವ ಸಾಲನ್ನು ಒತ್ತಿದರೆ ಕೆಳಗೆ "ಫಾಲ್ಟಿಂಗ್ ಮಾಡ್ಯೂಲ್ ಪಾತ್" ಎಂದು ಕಾಣುತ್ತದೆ. ಎಡವಿದ ಫೈಲ್ ಎಲ್ಲಿದೆ ಎಂಬ ವಿಳಾಸ ಅದು. ನಾನು ಹೇಳಿದ ಆ ಆಡಿಟರ್ ಆಫೀಸಿನಲ್ಲಿ, ತಾನೇ ಮುಚ್ಚಿಕೊಳ್ಳುತ್ತಿದ್ದ ಸಿಸ್ಟಮ್‌ನಲ್ಲಿ ವಿಳಾಸ ಹೀಗಿತ್ತು: ಸಿ ಡ್ರೈವ್, ವಿಂಡೋಸ್, ಸಿಸ್ಟಮ್32, ಸ್ಪೂಲ್, ಡ್ರೈವರ್ಸ್, ಎಕ್ಸ್64, 3. ಸ್ಪೂಲ್ ಎಂಬ ಪದ ಕಂಡರೆ ಸಾಕು. ಪ್ರಿಂಟರ್ ಡ್ರೈವರ್‌ಗಳು ಮಲಗುವ ಕೋಣೆ ಅದು. ಹನ್ನೆರಡು ದಿನದಲ್ಲಿ ಒಂಬತ್ತು ಸಲ ಅದೇ ವಿಳಾಸ ದಾಖಲಾಗಿತ್ತು. ಫಾರ್ಮ್ಯಾಟ್ ಮಾಡುವ ಮೊದಲು ಯಾರಾದರೂ ಇದನ್ನು ಓದಿದ್ದರೆ ಎಷ್ಟು ಕೆಲಸ ಉಳಿಯುತ್ತಿತ್ತು ಅಲ್ವಾ?

ಪ್ರತಿ ಸಲವೂ ಇಷ್ಟು ಸ್ಪಷ್ಟ ಸುಳಿವು ಸಿಗುವುದಿಲ್ಲ. ವಿಂಡೋಸ್‌ನದೇ ಫೈಲಿನ ಹೆಸರು ಬಂದರೆ ಅದರಿಂದ ಏನೂ ತೀರ್ಮಾನಿಸಬೇಡಿ. ಆಗ ಡೀಫಾಲ್ಟ್ ಬದಲಿಸುವ ಪರೀಕ್ಷೆಯನ್ನೇ ನಂಬಿ.

"ಸಾಹೇಬರು ಬಂದ ಮೇಲೆ ಸರಿ ಹೋಗುತ್ತೆ"

ಉಳಿದ ಮೂರು ಸಿಸ್ಟಮ್‌ಗಳ ಕಥೆ ಬೇರೆ. ಅವು ಬೀಳುತ್ತಿರಲಿಲ್ಲ, ನಿಂತುಬಿಡುತ್ತಿದ್ದವು. ಅಲ್ಲಿ ಲೆಕ್ಕ ಬರೆಯುವ ಮೇಡಂ ಒಂದು ಮಾತು ಹೇಳಿದರು. "ಬೆಳಿಗ್ಗೆ ಹೊತ್ತು ಜಾಸ್ತಿ ಸರ್. ಹನ್ನೊಂದಕ್ಕೆ ಸಾಹೇಬರು ಬಂದ ಮೇಲೆ ತಾನೇ ಸರಿ ಹೋಗುತ್ತೆ." ನನಗೆ ಬೇಕಾದದ್ದು ಅದರಲ್ಲೇ ಇತ್ತು. ಪ್ರಿಂಟರ್‌ನ ಕೇಬಲ್ ಇದ್ದದ್ದು ಸಾಹೇಬರ ಸಿಸ್ಟಮ್‌ಗೆ. ಅಲ್ಲಿಂದ ಅದನ್ನು ಎಲ್ಲರಿಗೂ ಶೇರ್ ಮಾಡಿದ್ದರು. ಅವರು ಬಂದು ಸಿಸ್ಟಮ್ ಆನ್ ಮಾಡುವವರೆಗೆ ಉಳಿದ ಮೂರೂ ಸಿಸ್ಟಮ್‌ಗಳು ಇಲ್ಲದ ಪ್ರಿಂಟರನ್ನು ಕೂಗುತ್ತಾ ಕೂತಿರುತ್ತಿದ್ದವು.

ನಿಮ್ಮಲ್ಲೂ ಹೀಗೆ ಶೇರ್ ಮಾಡಿದ ಪ್ರಿಂಟರ್ ಇದ್ದರೆ, ಅದರ ಹಿಂಭಾಗದಲ್ಲಿ ನೆಟ್‌ವರ್ಕ್ ಕಿಂಡಿ ಇದೆಯಾ ನೋಡಿ. ಅಥವಾ ವೈಫೈ ಇದೆಯಾ ನೋಡಿ. ಆ ಆಫೀಸಿನ ಪ್ರಿಂಟರ್‌ಗೆ ಕಿಂಡಿ ಇತ್ತು, ಅದಕ್ಕೆ ಮುಚ್ಚಿದ್ದ ಪ್ಲಾಸ್ಟಿಕ್ ಬಿರಡೆಯನ್ನೂ ಯಾರೂ ತೆಗೆದಿರಲಿಲ್ಲ. ಒಂದು ಲ್ಯಾನ್ ಕೇಬಲ್ ತಂದು ನೇರ ರೌಟರ್‌ಗೆ ಹಾಕಿದೆವು. ಈಗ ಯಾರ ಸಿಸ್ಟಮ್ ಆಫ್ ಇದ್ದರೂ ಪ್ರಿಂಟರ್ ತನ್ನ ಪಾಡಿಗೆ ತಾನಿರುತ್ತದೆ.

ಹಳೇ ಡ್ರೈವರನ್ನು ಬೇರುಸಹಿತ ತೆಗೆಯುವುದು

ಮೊದಲು ಸಿಕ್ಕಿಹಾಕಿಕೊಂಡ ಪ್ರಿಂಟ್‌ಗಳನ್ನು ತೆರವು ಮಾಡಿ. ಸ್ಟಾರ್ಟ್‌ನಲ್ಲಿ ಸರ್ವೀಸಸ್ ತೆರೆದು, ಪ್ರಿಂಟ್ ಸ್ಪೂಲರ್ (ಪ್ರಿಂಟ್‌ಗಳನ್ನು ಸರದಿಯಲ್ಲಿ ನಿಲ್ಲಿಸಿ ಕಳಿಸುವ ವಿಂಡೋಸ್ ಸೇವೆ) ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟಾಪ್ ಕೊಡಿ. ನಂತರ ಸಿ ಡ್ರೈವ್, ವಿಂಡೋಸ್, ಸಿಸ್ಟಮ್32, ಸ್ಪೂಲ್, ಪ್ರಿಂಟರ್ಸ್ ಫೋಲ್ಡರ್‌ಗೆ ಹೋಗಿ ಒಳಗಿರುವ ಫೈಲ್‌ಗಳನ್ನಷ್ಟೇ ಅಳಿಸಿ. ಫೋಲ್ಡರನ್ನು ಅಳಿಸಬೇಡಿ. ಪಕ್ಕದಲ್ಲೇ ಡ್ರೈವರ್ಸ್ ಅಂತ ಇನ್ನೊಂದು ಫೋಲ್ಡರ್ ಇರುತ್ತದೆ, ಅದಕ್ಕೆ ಕೈ ಹಾಕಲೇಬೇಡಿ. ಮತ್ತೆ ಸ್ಪೂಲರ್ ಸ್ಟಾರ್ಟ್ ಮಾಡಿ.

ಆಮೇಲೆ ಪ್ರಿಂಟರ್ ತೆಗೆಯಿರಿ. ಇಲ್ಲೇ ಹೆಚ್ಚಿನವರು ಎಡವುವುದು. ಪಟ್ಟಿಯಿಂದ ರಿಮೂವ್ ಕೊಟ್ಟರೆ ಪ್ರಿಂಟರ್‌ನ ಹೆಸರು ಹೋಗುತ್ತದೆ, ಡ್ರೈವರ್ ಉಳಿಯುತ್ತದೆ. ಅದೇ ಪ್ರಿಂಟರನ್ನು ಮತ್ತೆ ಸೇರಿಸಿದಾಗ ವಿಂಡೋಸ್ ಹಳೇ ಡ್ರೈವರನ್ನೇ ಎತ್ತಿ ಕೊಡಬಹುದು. ಹಾಗಾಗಿ ಅದೇ ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್ ಪುಟದಲ್ಲಿ "ಪ್ರಿಂಟ್ ಸರ್ವರ್ ಪ್ರಾಪರ್ಟೀಸ್" ಒತ್ತಿ, ಡ್ರೈವರ್ಸ್ ಟ್ಯಾಬ್‌ಗೆ ಹೋಗಿ. ಎಂದೋ ಗುಜರಿಗೆ ಹೋದ ಪ್ರಿಂಟರ್‌ಗಳ ಡ್ರೈವರ್‌ಗಳೂ ಅಲ್ಲಿ ಸಾಲಾಗಿ ಸಿಕ್ಕರೆ ಆಶ್ಚರ್ಯಪಡಬೇಡಿ. ಬೇಡದ್ದನ್ನು ಆರಿಸಿ ರಿಮೂವ್ ಕೊಟ್ಟಾಗ ಎರಡು ಆಯ್ಕೆ ಬರುತ್ತವೆ. "ರಿಮೂವ್ ಡ್ರೈವರ್ ಅಂಡ್ ಡ್ರೈವರ್ ಪ್ಯಾಕೇಜ್" ಎಂಬ ಎರಡನೆಯದನ್ನೇ ಆರಿಸಿ. ಡ್ರೈವರ್ ಬಳಕೆಯಲ್ಲಿದೆ, ತೆಗೆಯಲಾಗದು ಎಂದರೆ ಸ್ಪೂಲರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ, ಕೂಡಲೇ ಮತ್ತೆ ಪ್ರಯತ್ನಿಸಿ.

ಹೊಸದಾಗಿ ಸೇರಿಸುವಾಗ

ಡ್ರೈವರನ್ನು ಪ್ರಿಂಟರ್ ಕಂಪನಿಯ ಸ್ವಂತ ವೆಬ್‌ಸೈಟಿನಿಂದ ಮಾತ್ರ ಇಳಿಸಿಕೊಳ್ಳಿ. ಮಾಡೆಲ್ ನಂಬರ್ ಅಕ್ಷರ ಬಿಡದೆ ಹೊಂದಬೇಕು. ಮುಚ್ಚಿಕೊಳ್ಳುತ್ತಿದ್ದ ಆ ಸಿಸ್ಟಮ್‌ನಲ್ಲಿ ಆದದ್ದೇ ಇದು. ಪ್ರಿಂಟರ್ ಬದಲಾಗಿತ್ತು, ಆದರೆ ಹೊಸದನ್ನು ಹಳೇ ಮಾಡೆಲಿನ ಡ್ರೈವರ್ ಮೇಲೇ ಓಡಿಸುತ್ತಿದ್ದರು. ಪ್ರಿಂಟೇನೋ ಬರುತ್ತಿತ್ತು, ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ಸ್ಕ್ಯಾನರ್, ಫೋಟೊ, ಅಪ್‌ಡೇಟ್ ಅಂತ ದೊಡ್ಡ ಗಂಟು ಬೇಡ, ಬರೀ ಡ್ರೈವರ್ ಸಿಕ್ಕರೆ ಅದನ್ನೇ ಹಾಕಿ.

ಪ್ರಿಂಟರನ್ನು ವಿಂಡೋಸ್ ತಾನೇ ಹುಡುಕಿ ಸೇರಿಸಿದಾಗ ಎಷ್ಟೋ ಸಲ ಡಬ್ಲ್ಯುಎಸ್‌ಡಿ ಎಂಬ ಪೋರ್ಟ್, ಅಂದರೆ ಪ್ರಿಂಟರ್ ಜೊತೆಗಿನ ಸಂಪರ್ಕದ ದಾರಿ, ಹಾಕಿಕೊಳ್ಳುತ್ತದೆ. ನಾನು ಅದನ್ನು ಆಫೀಸುಗಳಲ್ಲಿ ಇಟ್ಟುಕೊಳ್ಳುವುದಿಲ್ಲ. ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಪ್ರಿಂಟರ್‌ಗಿರುವ ನಂಬರ್) ಕೊಟ್ಟು ಕೈಯಾರೆ ಸೇರಿಸಿದರೆ ಹೆಚ್ಚು ನಂಬಿಕೆಗೆ ಅರ್ಹ. ಪ್ರಿಂಟರ್‌ನ ಮೆನುವಿನಿಂದ ನೆಟ್‌ವರ್ಕ್ ವಿವರದ ಹಾಳೆ ತೆಗೆದರೆ ಅದರಲ್ಲಿ ಐಪಿ ಇರುತ್ತದೆ. ಆಡ್ ಪ್ರಿಂಟರ್‌ನಲ್ಲಿ ಆಡ್ ಮ್ಯಾನುಯಲಿ ಒತ್ತಿ, ಐಪಿ ವಿಳಾಸದಿಂದ ಸೇರಿಸುವ ಆಯ್ಕೆ ಹಿಡಿಯಿರಿ. ಡಿವೈಸ್ ಟೈಪ್ ಎಂದಿರುವಲ್ಲಿ ಟಿಸಿಪಿ ಐಪಿ ಡಿವೈಸ್ ಆರಿಸಿ. ರೌಟರ್‌ನಲ್ಲಿ ಆ ಐಪಿಯನ್ನು ಪ್ರಿಂಟರ್‌ಗೇ ಕಾಯ್ದಿರಿಸಿ. ಇಲ್ಲದಿದ್ದರೆ ಒಮ್ಮೆ ಕರೆಂಟ್ ಹೋಗಿ ಬಂದ ಮೇಲೆ ಐಪಿ ಬದಲಾಗಿ, ಮತ್ತೆ ಅದೇ ಕಾಯುವ ರೋಗ ಶುರುವಾಗಬಹುದು.

ಪ್ರಿಂಟರ್ ಆನ್ ಇದ್ದರೂ ಆಫ್‌ಲೈನ್ ಎಂದು ತೋರಿಸುತ್ತಿದ್ದರೆ, ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ಸ್ ಟ್ಯಾಬ್‌ನಲ್ಲಿ ಕಾನ್ಫಿಗರ್ ಪೋರ್ಟ್ ಒತ್ತಿ, "ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್" ಎಂಬಲ್ಲಿರುವ ಟಿಕ್ ತೆಗೆದು ನೋಡಿ.

ಅಪ್‌ಡೇಟ್ ಆದ ಮರುದಿನದಿಂದ ಕೆಟ್ಟಿದ್ದರೆ

ಆಗ ವಿಂಡೋಸ್ ಅಪ್‌ಡೇಟ್‌ನ ಪಟ್ಟಿಯನ್ನೂ ನೋಡಬೇಕು. 2021ರ ಮಾರ್ಚ್‌ನಲ್ಲಿ ವಿಂಡೋಸ್ 10ರ ಒಂದು ಅಪ್‌ಡೇಟ್ ಬಂದ ಮೇಲೆ, ಕೆಲವು ಪ್ರಿಂಟರ್‌ಗಳಿಗೆ ಪ್ರಿಂಟ್ ಕೊಟ್ಟ ಕೂಡಲೇ ಇಡೀ ಕಂಪ್ಯೂಟರ್ ನೀಲಿ ಪರದೆ ತೋರಿಸಿ ನಿಲ್ಲುತ್ತಿತ್ತು. ಒಂದೇ ವಾರದಲ್ಲಿ ಮೈಕ್ರೋಸಾಫ್ಟ್ ಸರಿಪಡಿಸಿದ ಅಪ್‌ಡೇಟ್ ಕೊಟ್ಟಿತು. ಹಾಗಾಗಿ ಇಂಥ ಹೊತ್ತಿನಲ್ಲಿ ಹೊಸ ಅಪ್‌ಡೇಟ್ ಬಂದಿದೆಯಾ ಅಂತ ಮೊದಲು ನೋಡಿ.

ಅದೇ ವರ್ಷ ಜೂನ್-ಜುಲೈ ಹೊತ್ತಿಗೆ ಸ್ಪೂಲರ್‌ನಲ್ಲಿ ಪ್ರಿಂಟ್‌ನೈಟ್‌ಮೇರ್ ಎಂಬ ದೊಡ್ಡ ಭದ್ರತಾ ತೂತು ಬಯಲಾಯಿತು. ಅದಾದ ಮೇಲೆ, ಆಗಸ್ಟ್ ಅಪ್‌ಡೇಟ್‌ನಿಂದ, ಶೇರ್ ಮಾಡಿದ ಪ್ರಿಂಟರ್‌ನ ಡ್ರೈವರ್ ಹಾಕಲು ಅಡ್ಮಿನ್ ಪಾಸ್‌ವರ್ಡ್ ಬೇಕಾಯಿತು. ಸೆಪ್ಟೆಂಬರ್ ನಂತರ ಎಷ್ಟೋ ಆಫೀಸುಗಳಲ್ಲಿ ಶೇರ್ ಪ್ರಿಂಟರ್ ಸೇರಿಸಲು ಹೋದರೆ 11ಬಿ ಎಂದು ಕೊನೆಯಾಗುವ ಎರರ್ ಬರತೊಡಗಿತು. ಇದಕ್ಕೆ ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳ ಕಡತದಲ್ಲಿ) ಒಂದು ಅಂಕಿ ಬದಲಿಸುವ ಉಪಾಯ ಎಲ್ಲೆಡೆ ಓಡಾಡುತ್ತಿದೆ. ದಯವಿಟ್ಟು ಅದನ್ನು ಮಾಡಬೇಡಿ. ಮುಚ್ಚಿದ ತೂತನ್ನು ನೀವೇ ತೆರೆದ ಹಾಗಾಗುತ್ತದೆ, ಅದೂ ಜನರ ಪ್ಯಾನ್, ಆಧಾರ್ ಇರುವ ಸಿಸ್ಟಮ್‌ನಲ್ಲಿ. ಐಪಿ ಮೂಲಕ ನೇರ ಸೇರಿಸಿದರೆ ಆ ಎರರ್‌ನ ಪ್ರಶ್ನೆಯೇ ಬರುವುದಿಲ್ಲ.

ಹೊಸ ಪ್ರಿಂಟರ್ ಕೊಳ್ಳುವವರಿದ್ದರೆ ಮೋಪ್ರಿಯಾ (ಬೇರೆ ಬೇರೆ ಕಂಪನಿಗಳ ಪ್ರಿಂಟರ್‌ಗಳಿಗೆ ಒಂದೇ ಮಾನದಂಡ) ಗುರುತು ಇದೆಯಾ ಕೇಳಿ. ಕಂಪನಿಗಳ ಪ್ರತ್ಯೇಕ ಡ್ರೈವರ್‌ಗಳನ್ನು ಹಂತಹಂತವಾಗಿ ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಹೇಳಿದೆ. ಮೋಪ್ರಿಯಾ ಇರುವ ಪ್ರಿಂಟರ್‌ಗಳು ವಿಂಡೋಸ್‌ನ ಸ್ವಂತ ಡ್ರೈವರ್‌ನಲ್ಲೇ ನಡೆಯುತ್ತವೆ.

ಎಲ್ಲ ಮುಗಿದ ಮೇಲೆ ಆ ಆಡಿಟರ್ ಆಫೀಸಿನ ಪ್ರಿಂಟರ್ ಮೇಲೆ ಒಂದು ಚೀಟಿ ಅಂಟಿಸಿದೆ. ಅದರಲ್ಲಿ ಐಪಿ ವಿಳಾಸ, ಡ್ರೈವರ್‌ನ ಪೂರ್ತಿ ಹೆಸರು, ಹಾಕಿದ ತಾರೀಖು. ಕೆಳಗೆ ಮೇಡಂ ತಾವೇ ಪೆನ್ ತಗೊಂಡು ಇನ್ನೊಂದು ಸಾಲು ಸೇರಿಸಿದರು: "ಎಕ್ಸೆಲ್ ಕೆಟ್ಟರೆ ಫಾರ್ಮ್ಯಾಟ್ ಬೇಡ. ಮೊದಲು ಡೀಫಾಲ್ಟ್ ಪ್ರಿಂಟರ್ ಬದಲಿಸಿ ನೋಡಿ."