ಎಕ್ಸ್-ರೇ ಸರಿಯಿದೆ, ಮಣಿಕಟ್ಟು ಮಾತ್ರ ನೋಯುತ್ತಿದೆ

ಕೈಯೂರಿ ಬಿದ್ದಾಗ ಮೈಭಾರವೆಲ್ಲ ಮಣಿಕಟ್ಟಿನ ಮೇಲೆ. ಅಲ್ಲಿ ಎರಡು ಸಾಲಾಗಿ ಕೂತ 8 ಪುಟ್ಟ ಮೂಳೆಗಳನ್ನು ಲಿಗಮೆಂಟುಗಳೆಂಬ ಗಟ್ಟಿ ನಾರುಪಟ್ಟಿಗಳು ಬಿಗಿದಿಟ್ಟಿರುತ್ತವೆ. ಲಿಗಮೆಂಟ್ ಎಕ್ಸ್-ರೇಯಲ್ಲಿ ಮೂಡುವುದಿಲ್ಲ. ಹಾಗಾಗಿ 'ಮೂಳೆ ಮುರಿದಿಲ್ಲ' ಎಂಬುದು ಅರ್ಧ ಉತ್ತರವಷ್ಟೇ.

ಮೊದಲು ಉಂಗುರ, ಬಳೆ ತೆಗೆಯಿರಿ. ಊದಿದ ಮೇಲೆ ಅವು ಬರುವುದಿಲ್ಲ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ ಇಡಿ. ಮಣಿಕಟ್ಟು ನೇರವಾಗಿರುವಂತೆ ಸ್ಪ್ಲಿಂಟ್ (ಅಲುಗದಂತೆ ಹಿಡಿದಿಡುವ ಆಸರೆಪಟ್ಟಿ) ಹಾಕಿ, ಕೈ ಎದೆಮಟ್ಟಕ್ಕಿಂತ ಮೇಲಿರಲಿ. ಬೆರಳು ಜೋಮು ಹಿಡಿದರೆ ಕಟ್ಟು ಸಡಿಲಿಸಿ. ಆಗಲೂ ಜೋಮು ಇಳಿಯದಿದ್ದರೆ, ಅಥವಾ ಕೈ ಸೊಟ್ಟಗಾಗಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಎಳೆದು ನೀವಿಸುವುದು ಬೇಡವೇ ಬೇಡ. ಅರ್ಧ ಹರಿದ ಲಿಗಮೆಂಟ್ ಪೂರ್ತಿ ಹರಿದೀತು.

ಆಮೇಲೆ ನೋವಿನ ಜಾಗ ಗುರುತಿಸಿ. ಹೆಬ್ಬೆರಳು ಚಾಚಿದಾಗ ಬುಡದಲ್ಲಿ ಮೂಡುವ ಗುಳಿಯನ್ನು ಒತ್ತಿದರೆ ನೋವೇ? ಅಲ್ಲಿರುವ ಸ್ಕೇಫಾಯ್ಡ್ ಎಂಬ ಪುಟ್ಟ ಮೂಳೆ ಬಿರುಕು ಬಿಟ್ಟಿರಬಹುದು. ಮೊದಲ ಎಕ್ಸ್-ರೇಯಲ್ಲಿ ಈ ಬಿರುಕು ಕಣ್ಣು ತಪ್ಪಿಸುವುದುಂಟು, 10–14 ದಿನ ಬಿಟ್ಟು ಮತ್ತೆ ತೆಗೆಸಬೇಕು.

ಮಣಿಕಟ್ಟಿನ ಹಿಂಬದಿ ನಡುವೆ ನೋವು, ಹಿಡಿತ ಸಡಿಲ, ಭಾರ ಹಾಕಿದಾಗ 'ಟಕ್' ಶಬ್ದ ಇದ್ದರೆ ಸ್ಕೇಫಾಯ್ಡ್ ಮತ್ತು ಅದರ ಪಕ್ಕದ ಲೂನೇಟ್ ಮೂಳೆಗಳ ನಡುವಿನ ಲಿಗಮೆಂಟ್ ಮೇಲೆ ಅನುಮಾನ. ಮುಷ್ಟಿ ಬಿಗಿದು ಎರಡೂ ಕೈಗಳ ಎಕ್ಸ್-ರೇ ಕೇಳಿ: ನೋಯುವ ಕೈಯಲ್ಲಿ ಮಾತ್ರ ಈ ಎರಡು ಮೂಳೆಗಳ ಸಂದು 3 ಮಿ.ಮೀ. ದಾಟಿದ್ದರೆ ಅನುಮಾನ ಗಟ್ಟಿ. ಪೂರ್ತಿ ಹರಿದಿದ್ದರೆ ಮೊದಲ ಕೆಲವು ವಾರಗಳಲ್ಲೇ ಹೊಲಿಸುವುದು ಒಳಿತು. ತಡವಾದರೆ ತುದಿಗಳು ಕುಗ್ಗಿ ಹೊಲಿಗೆ ನಿಲ್ಲದು, ವರ್ಷಗಳಲ್ಲಿ ಕೀಲು ಸವೆಯುತ್ತದೆ.

ಕಿರುಬೆರಳ ಬದಿಯ ನೋವು ಬೇರೆಯದೇ ಕಥೆ. ಬೀಗ ತಿರುವಿದಾಗ, ಬಟ್ಟೆ ಹಿಂಡಿದಾಗ, ಕುರ್ಚಿಯ ಕೈ ಒತ್ತಿ ಏಳುವಾಗ ಚಳಕು ಬಂದರೆ 'ಟಿಎಫ್‌ಸಿಸಿ' ಎಂಬ ಕಾರ್ಟಿಲೇಜ್ (ಮೃದುಮೂಳೆ) ಮೆತ್ತೆಗೆ ಪೆಟ್ಟಾಗಿರಬಹುದು. ಇದರ ಅಂಚಿಗೆ ರಕ್ತ ಹರಿಯುತ್ತದೆ, ಅಲ್ಲಿನ ಗಾಯ ಕೂಡುತ್ತದೆ. ನಡುಭಾಗಕ್ಕೆ ರಕ್ತವಿಲ್ಲ, ಕೂಡುವುದು ಕಷ್ಟ. ಕೀಲು ಸಡಿಲಗೊಂಡಿಲ್ಲದಿದ್ದರೆ ಮೊದಲು 4–6 ವಾರ ಸ್ಪ್ಲಿಂಟ್. ನೋವು ನಿಲ್ಲದಿದ್ದರೆ ಆರ್ತ್ರೋಸ್ಕೋಪಿಯಲ್ಲಿ (ಸಣ್ಣ ರಂಧ್ರದಿಂದ ಕ್ಯಾಮೆರಾ ತೂರಿಸಿ ಮಾಡುವ ಕೀಲಿನ ಶಸ್ತ್ರಚಿಕಿತ್ಸೆ) ಅಂಚನ್ನು ಹೊಲಿಯುತ್ತಾರೆ, ನಡುವಿನ ಚೂರನ್ನು ಕತ್ತರಿಸಿ ನಯಗೊಳಿಸುತ್ತಾರೆ. ಮುಂಗೈಯ ಕಿರುಬೆರಳ ಬದಿಯ ಅಲ್ನಾ ಮೂಳೆ ಉದ್ದವಾಗಿ ಮೆತ್ತೆಯನ್ನು ಚುಚ್ಚುತ್ತಿದ್ದರೆ ಅದನ್ನೂ ಮೋಟು ಮಾಡಬೇಕಾದೀತು. ಅಂದಹಾಗೆ, ವಯಸ್ಸಾದವರ ಎಂಆರ್‌ಐಯಲ್ಲಿ ನೋವೇ ಕೊಡದ ಹರುಕುಗಳೂ ಕಾಣುತ್ತವೆ. ಚಿಕಿತ್ಸೆ ಕೈಗೆ, ಚಿತ್ರಕ್ಕಲ್ಲ.

ಸ್ಪ್ಲಿಂಟ್ ಇದ್ದಾಗಲೂ ಬೆರಳು ಮಡಚಿ ಬಿಚ್ಚುತ್ತಿರಿ, ಇಲ್ಲದಿದ್ದರೆ ಪೆಡಸಾಗುತ್ತವೆ. ವೈದ್ಯರು ಒಪ್ಪಿದ ಮೇಲೆ ಮೊದಲು ಮಣಿಕಟ್ಟಿನ ಹಗುರ ಚಲನೆ, ನಂತರ ಮೆತ್ತನೆಯ ಚೆಂಡು ಹಿಸುಕುವುದು. ಅಂಗೈಯೂರಿ ದಂಡ ಹೊಡೆಯುವುದು ಎಲ್ಲಕ್ಕಿಂತ ಕೊನೆಗೆ.