ಅಮೋನಿಯಾ ಪ್ಲಾಂಟ್‌ನಲ್ಲಿ ನಾನು ಆಯಿಲ್ ಇಳಿಸುವ ರೀತಿ

ಅಮೋನಿಯಾ ಬಳಸಿ ಕೂಲಿಂಗ್ ಮಾಡುವ ಪ್ಲಾಂಟ್ ಅಂದರೆ ಪೈಪ್ ಒಡೆದೀತು ಅಂತ ಹೆದರುವವರೇ ಜಾಸ್ತಿ. ನನಗೆ ಅದಕ್ಕಿಂತ ಹೆಚ್ಚು ಭಯ ಆಯಿಲ್ ಡ್ರೈನ್ ಮಾಡುವ ಕೆಲಸದ್ದು. ಅದರಲ್ಲಿ ನಾವೇ ಕೈಯಾರೆ ವಾಲ್ವ್ ತೆರೆಯುತ್ತೇವೆ, ಅಲ್ವಾ?

ಅಮೋನಿಯಾ ಗ್ಯಾಸನ್ನು ಒತ್ತಿ ಕಳಿಸುವ ಕಂಪ್ರೆಸರ್‌ನ ಆಯಿಲ್ ಸ್ವಲ್ಪ ಸ್ವಲ್ಪವಾಗಿ ಗ್ಯಾಸ್ ಜೊತೆ ಹೊರಟುಬಿಡುತ್ತದೆ. ಮಿನರಲ್ ಆಯಿಲ್ ಅಮೋನಿಯಾದಲ್ಲಿ ಅಷ್ಟಾಗಿ ಬೆರೆಯುವುದಿಲ್ಲ. ದ್ರವ ಅಮೋನಿಯಾಕ್ಕಿಂತ ಭಾರ ಬೇರೆ. ಹಾಗಾಗಿ ವೆಸೆಲ್‌ಗಳ, ಅಂದರೆ ಅಮೋನಿಯಾ ಇರುವ ಟ್ಯಾಂಕ್‌ಗಳ, ತಳಕ್ಕೆ ಹೋಗಿ ಕೂರುತ್ತದೆ. ಬಿಟ್ಟರೆ ಕಾಯಿಲ್ ಒಳಗೆ ಪದರ ಕಟ್ಟಿ ಕೂಲಿಂಗ್ ಕಡಿಮೆಯಾಗುತ್ತದೆ.

ನಾನು ವೆಸೆಲ್‌ನಿಂದ ನೇರವಾಗಿ ಇಳಿಸುವುದಿಲ್ಲ, ಆಯಿಲ್ ಬಂದು ಸೇರುವ ಚಿಕ್ಕ ಪಾತ್ರೆಯಾದ ಆಯಿಲ್ ಪಾಟ್‌ನಿಂದ ಮಾತ್ರ. ವೆಸೆಲ್ ಕಡೆಯ ವಾಲ್ವ್ ಮುಚ್ಚಿ, ಸಕ್ಷನ್‌ಗೆ (ಕಂಪ್ರೆಸರ್ ಗ್ಯಾಸ್ ಎಳೆದುಕೊಳ್ಳುವ ಲೈನ್‌ಗೆ) ಹೋಗುವ ವೆಂಟ್ ತೆರೆದು ಕಾಯುತ್ತೇನೆ. ಪಾಟ್‌ನ ಮೈಮೇಲೆ ಬಿಳಿ ಹಿಮ ಇರುವ ತನಕ ಒಳಗೆ ದ್ರವ ಅಮೋನಿಯಾ ಇದೆ ಅಂತಲೇ ಲೆಕ್ಕ. ಹೊರಗಿನ ಗಾಳಿಯ ಒತ್ತಡದಲ್ಲೇ ಅದು ಮೈನಸ್ 33 ಡಿಗ್ರಿಗೆ ಕುದಿಯುತ್ತದೆ. ಅದು ಪೂರ್ತಿ ಆವಿಯಾಗಿ ಹೋಗುವ ತನಕ ಪಾಟ್ ಬೆಚ್ಚಗಾಗುವ ಮಾತೇ ಇಲ್ಲ. ಅವಸರ ಇದ್ದರೆ ಹೊರಗಿನಿಂದ ಮಾಮೂಲಿ ನೀರು ಬಿಡುತ್ತೇನೆ. ಬೆಂಕಿ ಮಾತ್ರ ಹತ್ತಿರ ತರುವುದಿಲ್ಲ. ಗಾಳಿಯಲ್ಲಿ ಶೇಕಡಾ 15ರಿಂದ 28ರಷ್ಟು ಅಮೋನಿಯಾ ಸೇರಿದರೆ ಅದೂ ಹತ್ತಿಕೊಳ್ಳುತ್ತದೆ.

ಹಿಮ ಕರಗಿ ಪಾಟ್ ಕೋಣೆಯಷ್ಟೇ ಬೆಚ್ಚಗಾದ ಮೇಲೆ ವೆಂಟ್ ಮುಚ್ಚಿ ಗೇಜ್ ನೋಡುತ್ತೇನೆ. ಮುಳ್ಳು ಸರಸರ ಏರಿದರೆ ಒಳಗೆ ಇನ್ನೂ ದ್ರವ ಉಳಿದಿದೆ. ಮತ್ತೆ ವೆಂಟ್ ತೆರೆದು ಕಾಯುವುದೇ. ಹಾಗಂತ ಪಾಟ್ ವ್ಯಾಕ್ಯೂಮ್‌ನಲ್ಲೂ ಇರಬಾರದು. ಆಗ ಆಯಿಲ್ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ.

ಡ್ರೈನ್ ಲೈನ್‌ನಲ್ಲಿ ಎರಡು ವಾಲ್ವ್: ಒಂದು ಮಾಮೂಲಿ ಸ್ಟಾಪ್ ವಾಲ್ವ್, ಇನ್ನೊಂದು ಕೈ ಬಿಟ್ಟರೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ವಾಲ್ವ್. ಅದರ ಹ್ಯಾಂಡಲ್‌ಗೆ ತಂತಿ ಕಟ್ಟಿ ಟೀ ಕುಡಿಯಲು ಹೋಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ತಣ್ಣಗಿನ ಆಯಿಲ್ ಗಟ್ಟಿಯಾಗಿ ಬಾಯಿ ಕಟ್ಟಿಕೊಳ್ಳುವುದುಂಟು. ಆಗ ಬರ್ತಾ ಇಲ್ಲ ಅಂತ ಸುಮ್ನೆ ಇನ್ನಷ್ಟು ತೆರೆದರೆ, ಕಟ್ಟಿದ್ದು ಒಮ್ಮೆಲೇ ಬಿಟ್ಟುಕೊಂಡು ಹಿಂದೆಯೇ ಅಮೋನಿಯಾ ನುಗ್ಗುತ್ತದೆ. ಕಟ್ಟಿದರೆ ನಾನು ಮುಚ್ಚಿ, ಬೆಚ್ಚಗಾಗಲು ಬಿಡುತ್ತೇನೆ. ಕಡ್ಡಿ ಹಾಕಿ ಚುಚ್ಚುವುದಿಲ್ಲ. ದಪ್ಪಗೆ ಬರುತ್ತಿದ್ದ ಧಾರೆ ನೊರೆಯಾಗಿ ಸಿಡಿಯತೊಡಗಿದರೆ ಅಲ್ಲಿಗೇ ನಿಲ್ಲಿಸುತ್ತೇನೆ.

ಒಬ್ಬನೇ ಈ ಕೆಲಸಕ್ಕೆ ಇಳಿಯುವುದಿಲ್ಲ. ಇನ್ನೊಬ್ಬ ಸ್ವಲ್ಪ ದೂರದಲ್ಲಿ ನಿಂತು ನೋಡುತ್ತಿರಬೇಕು. ಅಮೋನಿಯಾ ಸೋಸುವ ಕ್ಯಾನಿಸ್ಟರ್ ಇರುವ ಫುಲ್ ಫೇಸ್ ಮಾಸ್ಕ್, ಕೈಗೆ ಗ್ಲೌಸ್, ಹತ್ತಿರದಲ್ಲೇ ಕಣ್ಣು ತೊಳೆಯುವ ನೀರು. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ತೊಳೆಯಬೇಕು, ಆಮೇಲೆ ಆಸ್ಪತ್ರೆ.

ಎಷ್ಟು ಆಯಿಲ್ ಹಾಕಿದೆ, ಎಷ್ಟು ಇಳಿಯಿತು ಅಂತ ಬರೆದಿಡುತ್ತೇನೆ. ಹಾಕಿದ್ದಕ್ಕಿಂತ ಬಂದದ್ದು ಸತತವಾಗಿ ಕಡಿಮೆಯಿದ್ದರೆ ಅದು ಎಲ್ಲೋ ಕೂತಿದೆ, ಹುಡುಕಬೇಕು. ಇಳಿಸಿದ ಆಯಿಲ್ ಮತ್ತೆ ಕಂಪ್ರೆಸರ್‌ಗೆ ಹಾಕುವುದಿಲ್ಲ. ಕೊನೆಗೆ ಡ್ರೈನ್ ಬಾಯಿಗೆ ಪ್ಲಗ್ ಹಾಕಿ, ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದ ಹಿಡಿಯುತ್ತೇನೆ. ನೀಲಿಗೆ ತಿರುಗಿದರೆ ಎಲ್ಲೋ ಲೀಕ್ ಇದೆ. ಅದನ್ನು ಸರಿಮಾಡುವ ತನಕ ಮಾಸ್ಕ್ ತೆಗೆಯುವುದಿಲ್ಲ.